ಚಾಂಪಿಯನ್ನನ ಹಗ್ಗ

ಗಡಿಯಾರ ರಿಪೇರಿಯವನ ಬಾಯಿಗೆ ಬೀಗವಿರಲಿಲ್ಲ. ಮದುವೆಯ ಮಾತುಕತೆಯ ದಿನ, ಹೆಣ್ಣಿನ ತಂದೆ ಡ್ರಿಲ್ ಮೇಷ್ಟರೆಂದು ತಿಳಿದ ಕೂಡಲೇ, "ಕಾಲೇಜಲ್ಲಿ ನಾನು ದೋಣಿ ಪಂದ್ಯದ ಚಾಂಪಿಯನ್" ಎಂದುಬಿಟ್ಟಿದ್ದ. ಹೆಣ್ಣು ಸಿಕ್ಕಿತು. ದೋಣಿ ಎಲ್ಲಿ ಎದುರಾಗುತ್ತದೆ ಎಂದು ನಿಶ್ಚಿಂತನಾಗಿದ್ದ.

ಈಗ ಅದೇ ಮಾವನವರು ಮಗಳನ್ನೂ ಅಳಿಯನನ್ನೂ ಸರೋವರದ ದಡದ ಈ ಪುಟ್ಟ ಹಳ್ಳಿಗೆ ಎಳೆದು ತಂದಿದ್ದರು.

"ಮಳೆ ನಿಂತ ಕೂಡ್ಲೇ ದೋಣಿ, ಚಳೀಲಿ ಗುಡ್ಡ ಹತ್ತೋದು, ಬೇಸಿಗೇಲಿ ಈಜು! ವರ್ಷವಿಡೀ ಆಟ ಅಳಿಯಂದ್ರೇ! ತಿಂಡಿ ಆದ್ಮೇಲೆ ನಿಮ್ಮ ಕೈಚಳಕ ನೋಡ್ಲೇಬೇಕು."

ಅಳಿಯ ಹಲ್ಲುಜ್ಜುವ ನೆಪದಲ್ಲಿ ದಡಕ್ಕೋಡಿ ಅಂಬಿಗನ ಕೈ ಹಿಡಿದುಕೊಂಡ. "ಅಣ್ಣಾ, ನಂಗೆ ದೋಣಿ ನಡೆಸೋಕೆ ಬರಲ್ಲ. ನನ್ನ ಮಾನ ನಿನ್ನ ಕೈಲಿದೆ."

"ಅಷ್ಟೇ ತಾನೆ? ಹೊಸಬರ ದೋಣಿಗೆ ಹಗ್ಗ ಕಟ್ಟೇ ಬಿಡೋದು ನಮ್ಮೂರ ಪದ್ಧತಿ. ನೀರೊಳಗಿರುತ್ತೆ, ಯಾರಿಗೂ ಕಾಣಲ್ಲ. ನೀವು ಕೈ ಎತ್ತಿ, ನಾನು ಎಳ್ಕೋತೀನಿ."

ಹೋದ ಜೀವ ಬಂದಂತಾಯಿತು.

ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಹೊರಟ. ದೋಣಿ ಮೊದಲು ರುಬ್ಬುಗುಂಡಿನಂತೆ ಇದ್ದಲ್ಲೇ ತಿರುಗಿತು. "ಅದು ಚಾಂಪಿಯನ್ನರ ವರಸೆ!" ಎಂದು ಮಾವನವರು ದಡದಲ್ಲಿ ನೆರೆದವರಿಗೆಲ್ಲ ವಿವರಿಸಿದರು. ಅಷ್ಟರಲ್ಲಿ ಗಾಳಿ ಬೀಸಿ ದೋಣಿ ಸರಸರನೆ ಮುಂದೆ ಸಾಗಿತು. ಚಪ್ಪಾಳೆಯೋ ಚಪ್ಪಾಳೆ! ಹಗ್ಗವಿದ್ದ ಮೇಲೆ ಯಾರ ಭಯ? ಅವನು ಹಿಗ್ಗಿ ಹೀರೇಕಾಯಿಯಾಗಿ ಹುಟ್ಟು ಬೀಸಿದ. ಸರೋವರದ ನಟ್ಟನಡುವೆ ಒಂದು ಹುಟ್ಟು ಕೈಜಾರಿ ತೇಲಿಹೋಯಿತು.

ಕೈ ಎತ್ತಿದ. ದಡದಲ್ಲಿ ಮಾವನವರೂ ಕೈ ಎತ್ತಿದರು. ಎರಡೂ ಕೈ ಎತ್ತಿದ. ಊರಿಗೆ ಊರೇ ಎರಡೂ ಕೈ ಬೀಸಿತು. ಅಂಬಿಗನೊಬ್ಬ ಮಾತ್ರ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ.

"ಹಗ್ಗ ಯಾಕೆ ಎಳೀತಿಲ್ಲ ಅವ್ನು?" ಎಂದು ಅಳಿಯ ಕಿರುಚಿದ.

"ಹಗ್ಗಾನಾ? ನೀವು ಪ್ಯಾಂಟು ಮಡಚ್ತಿದ್ದಾಗ ಅಪ್ಪ ಬಿಚ್ಚಿಸಿಬಿಟ್ರು. ಚಾಂಪಿಯನ್‌ಗೆ ಹಗ್ಗ ಕಟ್ತೀಯಾ ಅಂತ ಅವನಿಗೆ ಚೆನ್ನಾಗಿ ಬೈದ್ರು," ಎಂದಳು ಹೆಂಡತಿ.

"ಅಯ್ಯೋ, ನಂಗೆ ದೋಣೀನೂ ಬರಲ್ಲ, ಈಜೂ ಬರಲ್ಲ ಕಣೇ! ಎಲ್ಲಾ ಸುಳ್ಳು!"

ಅವಳು ದೋಣಿ ಅಲ್ಲಾಡುವಷ್ಟು ನಕ್ಕಳು. ಆಮೇಲೆ ಉಳಿದ ಹುಟ್ಟನ್ನು ತೆಗೆದುಕೊಂಡು ಆಚೆ ಈಚೆ ಹಾಕಿದಳು. ದೋಣಿ ಹಸುವಿನಂತೆ ಮನೆಯ ದಾರಿ ಹಿಡಿಯಿತು.

"ಚಿಕ್ಕಂದಿನಲ್ಲೇ ಅಪ್ಪ ಕಲಿಸಿದ್ರು. ಚಾಂಪಿಯನ್ ಮುಂದೆ ಏನು ಹೇಳೋದು ಅಂತ ಸುಮ್ನಿದ್ದೆ," ಎಂದಳು. ದಡದವರ ಮುಖ ಕಾಣತೊಡಗುವ ಮೊದಲೇ ಹುಟ್ಟನ್ನು ಅವನ ಕೈಗೆ ತುರುಕಿದಳು. "ಹಿಡ್ಕೊಳ್ಳಿ. ಮಾನ ಉಳೀಲಿ."

ಅವನಿಗೆ ಹೆಂಡತಿಯ ಮೇಲೆ ಇಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಮಾವನವರು ಮೊಣಕಾಲುದ್ದ ನೀರಿಗಿಳಿದು ಅಪ್ಪಿಕೊಂಡರು. "ಒಂದೇ ಹುಟ್ಟಲ್ಲಿ ದಡ ಸೇರಿಸಿದ್ರಲ್ಲ! ನಾಳೆ ಇಲ್ಲಿ ಪಂದ್ಯ ಇದೆಯಂತೆ, ನಿಮ್ಮ ಹೆಸರು ಕೊಟ್ಟುಬಿಟ್ಟೆ!"

ಅವನು ಧೈರ್ಯವಾಗಿ ಹೆಂಡತಿಯತ್ತ ನೋಡಿದ. "ಇಬ್ರೂ ಬರ್ತೀವಿ ಮಾವ."

"ಅವಳ್ಯಾಕೆ? ಇದು ಒಬ್ಬೊಬ್ಬರೇ ಹೋಗೋ ಪಂದ್ಯ. ಆಚೆ ದಡ ಮುಟ್ಟಿ ಬರಬೇಕು!"

ಗಡಿಯಾರದವನು ಮೆಲ್ಲನೆ ಅಂಬಿಗನ ಪಕ್ಕಕ್ಕೆ ಸರಿದ.

"ಅಣ್ಣಾ, ಆಚೆ ದಡದವರೆಗೂ ಸಾಲೋ ಹಗ್ಗ ಇದ್ಯಾ?"