ಎಸಿಯ ಜರಡಿ ಮತ್ತು ಕೆಂಪಮ್ಮನ ಪೊರಕೆ

ಟಕ್, ಟಕ್. ಪೊರಕೆಯ ಬುಡವನ್ನು ಬಾಗಿಲ ಚೌಕಟ್ಟಿಗೆ ಎರಡು ಸಲ ಕುಟ್ಟುವ ಸದ್ದು ಅದು. ನಮ್ಮ ಮನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಕೆಂಪಮ್ಮ ಯಾವ ಕೋಣೆಗೆ ಬರುವ ಮೊದಲೂ ಹಾಗೆ ಕುಟ್ಟುತ್ತಿದ್ದಳು. ಅದಕ್ಕೆ ಕಾರಣ ನಾನೇ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಬೆಳೆದವಳು ನಾನು. ನಾಕ್ ಮಾಡದೆ ಒಳಗೆ ನುಗ್ಗುವವರನ್ನು ಕಂಡರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ‘ಮೇ ಐ ಕಮ್ ಇನ್’ ಹೇಳಿಕೊಡಲು ಒಂದು ವಾರ ಒದ್ದಾಡಿದ್ದೆ. ಏಳನೆಯ ದಿನ ಅವಳು, “ಅಮ್ಮೋರೆ, ಅಷ್ಟುದ್ದ ಹೇಳೋ ಹೊತ್ಗೆ ಒಂದ್ ರೂಮು ಗುಡ್ಸಿ ಮುಗಿಸ್ಬೋದು” ಎಂದವಳೇ ಪೊರಕೆಯನ್ನು ಎರಡು ಸಲ ಕುಟ್ಟಿ ಒಳಗೆ ಬಂದಳು. ಪೊರಕೆಯ ಧೂಳೂ ಉದುರಿತು, ನನ್ನ ಎಟಿಕೆಟ್ಟೂ ಉಳಿಯಿತು. ಇಂಗ್ಲಿಷ್ ಬಲ್ಲವರಿಗೆ ಮಿಕ್ಕದ್ದೆಲ್ಲ ತಾನಾಗಿ ಗೊತ್ತಿರುತ್ತದೆ ಎಂದು ಆಗ ನಂಬಿದ್ದೆ. ಆ ನಂಬಿಕೆ ಬಹಳ ಕಾಲ ಬಾಳಿತು. ಅದನ್ನು ಕೆಡವಿದ್ದು ಒಂದು ಎಸಿಯ ಫಿಲ್ಟರು.

ಹಾನುಬಾಳಿನ ಕಡೆಯ ಕಾಫಿ ಎಸ್ಟೇಟಿನ ಚಳಿಯಲ್ಲಿ ಎಸಿ ಯಾಕೆ ಎಂದು ಕೇಳುತ್ತೀರಿ. ನಮ್ಮ ಲೇಡೀಸ್ ಕ್ಲಬ್ಬಿನ ಪ್ರೆಸಿಡೆಂಟ್ ಶಾರದಾ ಹಾಕಿಸಿದಳು, ಅದಕ್ಕೆ. ಪಕ್ಕದ ಎಸ್ಟೇಟಿನವಳು. ತಿಂಗಳಿಗೊಬ್ಬರ ಮನೆಯಲ್ಲಿ ಸೇರಿ ಟಾಂಬೋಲಾ ಆಡುವುದು ನಮ್ಮ ಕ್ಲಬ್ಬಿನ ಮುಖ್ಯ ಸಮಾಜಸೇವೆ. ಆ ತಿಂಗಳು ಶಾರದಾಳ ಹಾಲಿನಲ್ಲಿ ಹನ್ನೆರಡು ಜನ ಶಾಲು ಹೊದ್ದು ಕೂತೆವು. ನಂಬರ್ ಕೂಗುವವಳ ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ಪ್ರತಿಯೊಬ್ಬರೂ ‘ಹೌ ಲವ್ಲಿ’ ಎಂದೆವು. ಚಳಿ ಎಂದವಳು ಬಡವಳಾಗಿಬಿಡುತ್ತಿದ್ದಳು. ಮನೆಗೆ ಬಂದು ವಿಷಯ ತೆಗೆದಾಗ ನಮ್ಮ ಯಜಮಾನರು, ಕಿಟಕಿ ತೆಗೆದರೆ ಪುಕ್ಕಟೆ ಬರುವ ಗಾಳಿಗೆ ಮೆಷೀನ್ ಯಾಕೆ ಮಾರಾಯ್ತಿ ಎಂದು ಕೇಳಿದರು. ನಾನು ಮೂರು ದಿನ ಮಾತು ಬಿಟ್ಟೆ. ನಾಲ್ಕನೆಯ ದಿನ ಹಾಸನಕ್ಕೆ ಹೋಗಿ ಎಸಿ ಬುಕ್ ಮಾಡಿ ಬಂದರು.

ಆದರೆ ಒಂದು ಕಂಡೀಷನ್ ಹಾಕಿದರು: ಕಿಟಕಿ ಮುಚ್ಚಕೂಡದು. ನಮ್ಮ ಮುಂದಿನ ಕೋಣೆಯ ಕಿಟಕಿ ತೆರೆಯುವುದು ಕಾಫಿ ಒಣಹಾಕುವ ಕಣಕ್ಕೆ. ಕಣದಲ್ಲಿ ಕಾಫಿ ಕೆದಕುವವರ ಮೇಲೆ ಆ ಕಿಟಕಿಯಿಂದಲೇ ರೇಗುವುದು ಯಜಮಾನರ ತಂದೆಯ ಕಾಲದಿಂದ ನಡೆದುಬಂದ ಪದ್ಧತಿ. ಕಿಟಕಿ ಮುಚ್ಚಿದರೆ ಕೂಗಿದ್ದು ಕಣಕ್ಕೆ ಕೇಳದು. ಹೊರಗೆ ಹೋಗಿ ರೇಗುವುದಾದರೆ ಒಳಗೆ ಎಸಿ ಯಾಕೆ? ಹೀಗಾಗಿ ಎಸಿಯೂ ಆನ್, ಕಿಟಕಿಯೂ ಓಪನ್, ಯಜಮಾನರ ತಲೆಗೆ ಮಂಕಿ ಕ್ಯಾಪು. ನಮ್ಮ ತಂಪೆಲ್ಲ ಕಣಕ್ಕೆ ಹೋಯಿತು, ಕಣದ ಧೂಳೆಲ್ಲ ನಮ್ಮ ಕೋಣೆಗೆ ಬಂತು. ಕಾಫಿ ಕೆದಕುವವರು ಕಿಟಕಿಯ ಬುಡದ ಜಾಗವನ್ನು ಬಿಟ್ಟು ಕದಲುತ್ತಲೇ ಇರಲಿಲ್ಲ. ಆ ಮೂಲೆಯ ಕಾಫಿಯಷ್ಟು ಚೆನ್ನಾಗಿ ಒಣಗಿದ ಕಾಫಿ ಇಡೀ ಹೋಬಳಿಯಲ್ಲಿ ಇರಲಾರದು.

ಎಸಿ ಕೂರಿಸಿದ ದಿನ ನಾನು ಶಾರದಾಳಿಗೆ ಫೋನ್ ಮಾಡುವುದರಲ್ಲಿದ್ದೆ. ಕೆಂಪಮ್ಮ ಮಾತ್ರ ಪೊರಕೆ ಹಿಡಿದು ಮೆಕ್ಯಾನಿಕ್ಕಿನ ಕೆಲಸವನ್ನೇ ನೋಡುತ್ತ ನಿಂತಿದ್ದಳು. ಅವನು ಹೋದ ಮೇಲೆ, “ಅಮ್ಮೋರೆ, ಅದ್ರ ಮುಚ್ಳದೊಳ್ಗೆ ಒಂದ್ ಜರಡಿ ಐತೆ. ಧೂಳೆಲ್ಲ ಅದೇ ಹಿಡ್ಕಂತೈತೆ. ತಿಂಗ್ಳಿಗೊಂದ್ಸಲ ಬಿಚ್ಕೊಡಿ, ಒಗ್ದ್ ಹಾಕ್ತೀನಿ” ಎಂದಳು. ನನಗೆ ನಗು ಬಂತು. ಇದು ಎಲೆಕ್ಟ್ರಾನಿಕ್, ಅಕ್ಕಿ ಜರಡಿಯಲ್ಲ, ಡೋಂಟ್ ಟಚ್ ಎಂದು ಹೇಳಿ ಕಳಿಸಿದೆ. ಜೊತೆಗೆ ಬಂದ ಇನ್‌ಸ್ಟ್ರಕ್ಷನ್ ಪುಸ್ತಕವನ್ನು ಪ್ಲಾಸ್ಟಿಕ್ ಕವರ್ ಸಮೇತ ಶೋಕೇಸಿನಲ್ಲಿ, ಕಾನ್ವೆಂಟಿನ ಭಾಷಣ ಸ್ಪರ್ಧೆಯಲ್ಲಿ ಗೆದ್ದ ನನ್ನ ಎಲೊಕ್ಯೂಷನ್ ಕಪ್ಪಿನ ಪಕ್ಕ ಇಟ್ಟೆ. ನಾಲ್ಕು ವರ್ಷ ಅದನ್ನು ಒರೆಸಿದವಳು ಕೆಂಪಮ್ಮ. ಓದಬಲ್ಲವಳು ಓದಲಿಲ್ಲ.

ಈ ಮಾರ್ಚಿನಲ್ಲಿ ಕ್ಲಬ್ಬಿನ ಸರದಿ ನಮ್ಮ ಮನೆಗೆ ಬಂತು. ಎಸಿ ಅಷ್ಟರಲ್ಲಿ ಒದ್ದೆ ಗೋಣಿಯ ವಾಸನೆ ಬೀರುತ್ತ, ಮುದುಕರಂತೆ ಕ್ಯಾಕರಿಸುತ್ತಿತ್ತು. ಬೆಸ್ಟ್ ಸೀಟ್ ಎಂದು ಶಾರದಾಳನ್ನು ಅದರ ಕೆಳಗೇ ಕೂರಿಸಿದ್ದೆ. ಎರಡನೆಯ ಆಟದ ನಡುವೆ ಅವಳ ಹೊಸದಾಗಿ ಡೈ ಮಾಡಿಸಿದ ತಲೆಯ ಮೇಲೆ ತೊಟ್ಟಿಕ್ಕಿತು. ಇನ್ನೊಂದು ತೊಟ್ಟು. ಕಂದು ಬಣ್ಣದ ನೀರು. ಶಾರದಾ ಮೇಲೆ ನೋಡಿ, “ನಿಮ್ಮ ಎಸಿಗೆ ನೆಗಡಿ ಆಗಿದೆ ಕಣ್ರೀ” ಎಂದಳು. ಹನ್ನೊಂದು ಜನ ನಕ್ಕರು. ಆಗ ನನ್ನ ಬಾಯಿಂದ ಸರಾಗವಾಗಿ, ಎಲೊಕ್ಯೂಷನ್ ಕಪ್ಪಿಗೆ ತಕ್ಕ ಉಚ್ಚಾರದಲ್ಲಿ ಇಂಗ್ಲಿಷ್ ಬಂತು: “ಇಟ್ಸ್ ಮೈ ಮೇಡ್, ಯು ನೋ. ಶೀ ಕಾಂಟ್ ಈವನ್ ಸ್ವೀಪ್ ಪ್ರಾಪರ್ಲಿ. ದೀಸ್ ಪೀಪಲ್!” ಕಾಫಿ ಟ್ರೇ ಹಿಡಿದು ಕೆಂಪಮ್ಮ ನನ್ನ ಹಿಂದೆಯೇ ನಿಂತಿದ್ದಳು. ಮೂವತ್ತು ವರ್ಷ ನಮ್ಮ ಮನೆಯ ಇಂಗ್ಲಿಷ್ ಕೇಳಿದವಳಿಗೆ ಅದು ಅರ್ಥವಾಗದೆ ಇದ್ದೀತೇ? ಟ್ರೇಯನ್ನು ಟೀಪಾಯಿಯ ಮೇಲೆ ಸದ್ದಾಗದಂತೆ ಇಟ್ಟಳು. ಶಾರದಾಳ ಕುರ್ಚಿಯ ಕೈ ಮೇಲೆ ಬಿದ್ದ ನೀರನ್ನು ಸೆರಗಿನಿಂದ ಒರೆಸಿದಳು. ಹೋದಳು. ಮರುದಿನ ಬೆಳಿಗ್ಗೆ ಟಕ್ ಟಕ್ ಕೇಳಲಿಲ್ಲ.

ಒಂದು ವಾರ ಕಾದು, ಎಸ್ಟೇಟಿನ ಲೆಕ್ಕ ಬರೆಯುವ ನಮ್ಮ ರೈಟರ ಹತ್ತಿರ, ಕೆಂಪಮ್ಮನಿದ್ದ ಕೂಲಿಯಾಳುಗಳ ಲೈನ್ ಮನೆಗೆ ಹೇಳಿಕಳಿಸಿದೆ: ಅಮ್ಮೋರು ಕ್ಷಮಿಸಿದ್ದಾರಂತೆ, ಕೆಲಸಕ್ಕೆ ಬರಬೇಕಂತೆ. ರೈಟರು ಹೋದಷ್ಟೇ ಬೇಗ ವಾಪಸು ಬಂದು, ನೆಲ ನೋಡುತ್ತ ಉತ್ತರ ಒಪ್ಪಿಸಿದರು: “‘ಏನ್ ಕ್ಷಮ್ಸಿದ್ರು ಅಂತ ಕೇಳ್ಕಂಬನ್ನಿ’ ಅಂದ್ಲು ಅಮ್ಮೋರೆ.”

ಆ ಪ್ರಶ್ನೆಗೆ ಉತ್ತರ ಹುಡುಕುತ್ತಿರುವಾಗಲೇ ಹಾಸನದ ಮೆಕ್ಯಾನಿಕ್ ಬಂದ. ತಲೆ ನರೆತ ಗಂಭೀರ ಮನುಷ್ಯ. ಸ್ಟೂಲು ಹತ್ತಿ ಮುಚ್ಚಳ ಎತ್ತಿ ಒಳಗಿನಿಂದ ಏನನ್ನೋ ಎಳೆದ. ಕಂಬಳಿ ಅಂದುಕೊಂಡೆ. ನಾಲ್ಕು ಸುಗ್ಗಿಯ ಕಾಫಿ ಹೊಟ್ಟು, ಕಣದ ಮಣ್ಣು, ಬೆಕ್ಕಿನ ಕೂದಲು ಎಲ್ಲ ಸೇರಿ ಗಟ್ಟಿಯಾಗಿತ್ತು. ಗಾಳಿಗೆ ದಾರಿಯಿಲ್ಲದೆ ಒಳಗೆ ಮಂಜುಗಡ್ಡೆ ಕಟ್ಟಿ ಕರಗಿ ಸುರಿದದ್ದಂತೆ. ಅವನು ಒಮ್ಮೆ ಕೊಡವಿದ್ದೇ ತಡ, ಫಿಲ್ಟರಿನ ಬಲೆ ಹರಿದು ಕೈಗೆ ಬಂತು. ಹೊಸದು ತರಿಸಬೇಕು ಎಂದು ಹೇಳಿ, ಇದನ್ನು ತಿಂಗಳಿಗೊಮ್ಮೆ ತೊಳೆಯಬೇಕು ಅಂತ ನಿಮಗೆ ಯಾರೂ ಹೇಳಲಿಲ್ಲವೇ ಮೇಡಂ ಎಂದು ಕೇಳಿದ. ಯಾರೂ ಹೇಳಲಿಲ್ಲ ಎಂದೆ. ಪೇಪರಿನ ಹಿಂದಿನಿಂದ ಯಜಮಾನರು, “ಕೆಂಪಿ ಹೇಳಿದ್ಲಲ್ಲ” ಎಂದರು. ಮೂರು ವರ್ಷದಿಂದ ಕಿವಿ ಮಂದವಾಗಿದೆ ಎನ್ನುವ ಮನುಷ್ಯ!

ಆ ಮಧ್ಯಾಹ್ನ ಶೋಕೇಸಿನಿಂದ ಪುಸ್ತಕ ತೆಗೆದು ಪ್ಲಾಸ್ಟಿಕ್ ಹರಿದೆ. ಏಳನೆಯ ಪುಟದಲ್ಲಿ ಕೆಂಪಮ್ಮ ಹೇಳಿದ್ದೇ ಇತ್ತು, ಅವಳಷ್ಟು ಸ್ಪಷ್ಟವಾಗಿ ಅಲ್ಲ. ಲೈನ್ ಮನೆ ನಮ್ಮ ಬಂಗಲೆಯಿಂದ ಎರಡು ತಿರುವು ಕೆಳಗೆ, ನನ್ನ ಮಂಡಿನೋವಿಗೂ ಹತ್ತೇ ನಿಮಿಷದ ದಾರಿ. ದೀಪಾವಳಿಗೆ ಸ್ವೀಟ್ ಹಂಚಲು ಹೋಗುವಾಗ ಆ ಮಂಡಿ ಎಂದೂ ನೋಯುವುದಿಲ್ಲ. ಈಗ ನೋಯಿತು. ಹೊಸ ಫಿಲ್ಟರ್ ಬರಲಿ, ಅವಳನ್ನು ಕರೆಸಿ, ಅವಳ ಕೈಯಿಂದಲೇ ಹಾಕಿಸೋಣ, ಅದೇ ‘ಸಾರಿ’ ಹೇಳಿದ ಹಾಗೆ ಆಗುತ್ತದೆ ಎಂದು ತೀರ್ಮಾನಿಸಿದೆ. ಕ್ಷಮೆ ಕೇಳುವುದಕ್ಕೂ ಸ್ಪೇರ್ ಪಾರ್ಟ್ ಬರಲಿ ಎಂದು ಕಾದವಳು ಬಹುಶಃ ನಾನೊಬ್ಬಳೇ.

ಕೊನೆಗೆ ಫಿಲ್ಟರ್ ಹಾಕಿದವಳೂ ನಾನೇ. ಯಜಮಾನರು ಸ್ಟೂಲು ಹಿಡಿದರು, ನಾನು ಮೊದಲು ತಲೆಕೆಳಗಾಗಿ ತುರುಕಿ, ಆಮೇಲೆ ಸರಿಯಾಗಿ ಕೂರಿಸಿದೆ. ಎರಡು ನಿಮಿಷದ ಕೆಲಸ. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಬಿಚ್ಚಿ ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ. ಕಿಟಕಿ ಮಾತ್ರ ಇನ್ನೂ ತೆರೆದೇ ಇದೆ.

ಕೆಂಪಮ್ಮನನ್ನು ನಾನು ಕೊನೆಯ ಸಲ ನೋಡಿದ್ದು ಆ ಫಿಲ್ಟರ್ ಪಾರ್ಸೆಲ್ ತರಲು ಹಾನುಬಾಳಿಗೆ ಹೋದ ದಿನ. ಅಂಗಡಿಯಲ್ಲೇ ಡಬ್ಬ ಬಿಚ್ಚಿ, ಬಲೆಯನ್ನು ಕೈಯಲ್ಲಿ ಹಿಡಿದು ಹೊರಬಂದರೆ ಎದುರಿಗೆ ಸಕಲೇಶಪುರದ ಬಸ್ಸು ನಿಂತಿತ್ತು. ಕಿಟಕಿಯಲ್ಲಿ ಕೆಂಪಮ್ಮ, ಮಡಿಲಲ್ಲಿ ದೊಡ್ಡ ಗಂಟು. ಆಲೂರಿನಲ್ಲಿರುವ ಮಗಳ ಮನೆಗೆ, ಇನ್ನು ಅಲ್ಲೇ ಇರುತ್ತಾಳಂತೆ ಎಂದು ಅಂಗಡಿಯವನು ಹೇಳಿದ. ಬಸ್ಸಿನ ಹತ್ತಿರ ಹೋದೆ. ಅವಳು ಆಚೆ ಕಡೆ ನೋಡುತ್ತಿದ್ದಳು. ಬೀದಿಯಲ್ಲಿ ಹೆಸರು ಹಿಡಿದು ಕೂಗುವುದನ್ನು ಸಿಸ್ಟರುಗಳು ನನಗೆ ಕಲಿಸಿರಲಿಲ್ಲ. ಬಸ್ಸಿನ ತಗಡಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದೆ. ಟಕ್, ಟಕ್.

ಕೆಂಪಮ್ಮ ತಟ್ಟನೆ ತಿರುಗಿದಳು. ಡ್ರೈವರನೂ ಕೇಳಿಸಿಕೊಂಡ, ಕಂಡಕ್ಟರ್ ರೈಟ್ ಕೊಟ್ಟನೆಂದು ಗೇರ್ ಹಾಕಿದ. ಬಸ್ಸು ಕದಲಿತು. ನಾನು ಹೇಳಬೇಕೆಂದಿದ್ದದ್ದು ಯಾವ ಭಾಷೆಯಲ್ಲೂ ಬಾಯಿಗೆ ಬಾರದೆ, ಬಲೆಯನ್ನು ಎತ್ತಿ ತೋರಿಸಿದೆ. ಅವಳು ಬಲೆ ನೋಡಿದಳು, ನನ್ನ ಮುಖ ನೋಡಿದಳು, ಬಾಯಿ ತುಂಬ ನಕ್ಕಳು. “ತಿಂಗ್ಳಿಗೊಂದ್ಸಲ ಒಗೀಬೇಕು ಕಣ್ರಮ್ಮೋರೆ” ಎಂದು ಕೂಗಿ, ಬಟ್ಟೆ ಜಾಲಿಸುವ ಹಾಗೆ ಗಾಳಿಯಲ್ಲಿ ಕೈ ಆಡಿಸಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು. ನಾಕ್ ಮಾಡಿ ಒಳಗೆ ಬಾ ಎಂದು ಅವಳಿಗೆ ಮೂವತ್ತು ವರ್ಷ ಹೇಳಿದವಳು ನಾನು. ಅವಳಿರುವ ಕಡೆ ನಾನು ನಾಕ್ ಮಾಡಿದ್ದು ಅದೊಂದೇ ಸಲ, ಅದರಿಂದಲೇ ಅವಳನ್ನು ಕಳಿಸಿಕೊಟ್ಟೆ.