ಚಿನ್ನದ ಬಣ್ಣದ ನಾಲ್ಕು ಗಾಲಿ

ಐವತ್ತರ ಹತ್ತಿರ ಬಂದ ಹೆಂಗಸು ಚಿನ್ನದ ಬಣ್ಣದ್ದೇನನ್ನೋ ಕೊಂಡಿದ್ದಾಳೆ ಎಂದರೆ ನಮ್ಮ ಶಹಾಪುರದಲ್ಲಿ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಬಳೆಯೋ ಸರವೋ ಇರಬೇಕೆಂದು ತಾವೇ ತೀರ್ಮಾನಿಸಿ ನೋಡಲು ಬಂದುಬಿಡುತ್ತಾರೆ. ಹಾಗೆ ಬಂದ ಪಕ್ಕದ ಮನೆಯವರು, ನಮ್ಮ ಪಡಸಾಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದ ಕಾರಿನ ನಾಲ್ಕು ಗಾಲಿಗಳನ್ನು ನೋಡಿ, ಕೊಟ್ಟ ಚಹಾ ಕುಡಿದು, ಎದ್ದು ಹೋದರು. ತಪ್ಪು ಅವರದಲ್ಲ. ವಯಸ್ಸಾದಂತೆ ಆಸೆ ಕಡಿಮೆಯಾಗುತ್ತದೆ ಎಂದು ಎಲ್ಲರೂ ನಂಬಿರುತ್ತಾರೆ. ನನ್ನ ಅನುಭವದಲ್ಲಿ ಕಡಿಮೆಯಾಗುವುದು ನಾಚಿಕೆ ಮಾತ್ರ. ಆಸೆ ಇದ್ದಲ್ಲೇ ಇದ್ದು, ನಾಚಿಕೆ ಜಾಗ ಬಿಟ್ಟುಕೊಟ್ಟ ಮೇಲೆ ಇನ್ನಷ್ಟು ಕಾಲು ಚಾಚಿಕೊಳ್ಳುತ್ತದೆ.

ನಾನು ದಂತವೈದ್ಯೆ. ಇಪ್ಪತ್ತಮೂರು ವರ್ಷಗಳಿಂದ ಶಹಾಪುರದ ಜನರ ಬಾಯಲ್ಲಿದ್ದೇನೆ. ಬಾಯೊಳಗೆ ಎಂಬ ಅರ್ಥದಲ್ಲಿ. ಮದುವೆಯಾಗಿ ಇಪ್ಪತ್ತೆರಡು ವರ್ಷ. ಗಂಡ ಬಸವರಾಜ ಕಾಲೇಜಿನಲ್ಲಿ ಗಣಿತ ಹೇಳುತ್ತಾರೆ, ಮನೆಯಲ್ಲಿ ಏನನ್ನೂ ಹೇಳುವುದಿಲ್ಲ. ಮೂರು ವರ್ಷದ ಹಿಂದೆ ಹೈದರಾಬಾದಿನಲ್ಲಿ ನನ್ನ ಸಹಪಾಠಿಯೊಬ್ಬಳು ವಿದೇಶಕ್ಕೆ ಹೊರಟಾಗ ಅವಳ ಕೆಂಪು ಬಣ್ಣದ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರನ್ನು ನಾನು ಕೊಂಡೆ. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಊರಿನ ಪ್ರತಿ ರಸ್ತೆಯುಬ್ಬನ್ನೂ ನಾನು ಓರೆಯಾಗಿ, ಉಸಿರು ಹಿಡಿದು ದಾಟಬೇಕು. ಇಂಥ ಕಾರಿಗೆ ನಮ್ಮ ಕಡೆ ಓಡಲು ರಸ್ತೆಯಿಲ್ಲ. ಆದರೆ ಹೈದರಾಬಾದಿನ ಆಚೆ ಒಂದು ರೇಸ್ ಟ್ರ್ಯಾಕ್ ಇದೆ. ಕೆಲವು ಭಾನುವಾರ ಅಲ್ಲಿ ಹೆಸರು ಕೊಟ್ಟು, ಹೆಲ್ಮೆಟ್ ಹಾಕಿಕೊಂಡು, ನಮ್ಮದೇ ಕಾರನ್ನು ಮನಸ್ಸು ತೃಪ್ತಿಯಾಗುವಷ್ಟು ಓಡಿಸಬಹುದು. ಅದಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. ಸ್ಪರ್ಧೆಯಲ್ಲ, ಬಹುಮಾನವಿಲ್ಲ. ಎದುರಿನಿಂದ ಎಮ್ಮೆ ಬರುವುದಿಲ್ಲ ಎಂಬುದೇ ಬಹುಮಾನ.

ಮೊದಲ ಸಲ ಹೋದಾಗ ಪ್ರತಿ ತಿರುವಿನಲ್ಲೂ ಕಾರು ನಾನು ತಿರುಗಿಸಿದ ಕಡೆ ಬರದೆ ಮುಂದಕ್ಕೇ ಜಾರಿತು. ಒಮ್ಮೆ ಹುಲ್ಲಿಗೂ ಇಳಿದೆ. ಕಾರಣ ಹುಡುಕಿದೆ, ಸಿಕ್ಕಿತು: ಟೈರು. ಹಳೆಯ ಟೈರು ಗಟ್ಟಿಯಾಗಿದೆ, ಗಾಲಿಗಳು ಭಾರ. ಆ ಮೇಲಿನ ಎರಡು ತಿಂಗಳು ನಾನು ಓದಿದ್ದನ್ನು ಕಾಲೇಜಿನಲ್ಲಿ ಓದಿದ್ದರೆ ಚಿನ್ನದ ಪದಕ ಬರುತ್ತಿತ್ತು. ಮೆದು ರಬ್ಬರಿನ ಟೈರು ಬಿಸಿಯಾದಾಗ ರಸ್ತೆಯನ್ನು ಹೇಗೆ ಹಿಡಿಯುತ್ತದೆ, ಹಗುರ ಗಾಲಿ ಹಾಕಿದರೆ ಏನಾಗುತ್ತದೆ, ಎಲ್ಲ ಕಲಿತೆ. ಕೊನೆಗೆ ಹೊಸ ಟೈರುಗಳನ್ನು ತರಿಸಿದೆ. ಗಾಲಿಗಳನ್ನು ಮಾತ್ರ ಹೈದರಾಬಾದಿನ ಒಬ್ಬರು ಬಳಸಿ ಬಿಟ್ಟದ್ದು ಕೊಂಡೆ. ಮಿಶ್ರಲೋಹದ, ಹಗುರವಾದ, ತೆಳು ಕಡ್ಡಿಗಳ, ಚಿನ್ನದ ಬಣ್ಣದ ಗಾಲಿಗಳು. ಬಸವರಾಜ ಒಂದನ್ನು ಎತ್ತಿ ನೋಡಿ, "ಬಣ್ಣಕ್ಕೂ ವೇಗಕ್ಕೂ ಏನು ಸಂಬಂಧ ಅದ?" ಎಂದು ಕೇಳಿದರು. ಗಣಿತದವರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದುಕೊಂಡೆ.

ಟೈರು ಹಾಕಿಸಲು ಸುರಪುರಕ್ಕೇ ಹೋಗಬೇಕೆಂದು ಎಲ್ಲರೂ ಹೇಳಿದರು. ಅಲ್ಲಿ ಮೌನೇಶಪ್ಪನ ಅಂಗಡಿ ಇದೆ. ಮೂಲ ತಿಂಥಣಿಯವನು, ಕಮ್ಮಾರರ ಮನೆತನ. ಅವನ ಅಜ್ಜ ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಕೂಡಿಸುತ್ತಿದ್ದನಂತೆ. ನನ್ನಷ್ಟೇ ವಯಸ್ಸು, ಮಾತು ಕಡಿಮೆ. ಪೇಟೆಯಲ್ಲಿ ಕಾರು ನಿಲ್ಲಿಸಿದರೆ ಸುತ್ತ ಜನ ಸೇರಿ ಫೋಟೋ ತೆಗೆಯುತ್ತಾರೆ. ಅವನು ಕಾರಿನ ಕಡೆ ನೋಡಲೇ ಇಲ್ಲ. ಗಾಲಿಗಳನ್ನು ಒಂದೊಂದಾಗಿ ಒಂದು ಕಬ್ಬಿಣದ ಸರಳಿಗೆ ತೂಗುಹಾಕಿ, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟ. ಮೂರು ಗಾಲಿ ದೇವರ ಮನೆಯ ಗಂಟೆಯಂತೆ ಉಲಿದವು. ನಾಲ್ಕನೆಯದು ಸಪ್ಪೆಯಾಗಿ ಸದ್ದು ಮಾಡಿತು. ಅವನು ಅದನ್ನು ಇಳಿಸಿ, ಒಳಬದಿಯ ಅಂಚಿನ ಮೇಲೆ ಉಗುರು ಎಳೆಯುತ್ತ ಹೋಗಿ ಒಂದು ಕಡೆ ನಿಲ್ಲಿಸಿದ.

"ಇದು ಹಾಕಬ್ಯಾಡ್ರಿ. ಒಡದದ."

"ಅದು ಗೀರು, ಮೌನೇಶಪ್ಪ. ಬಣ್ಣ ಹೋಗ್ಯಾದ ಅಷ್ಟ."

"ಗೀರಾದ್ರ ಛಲೋ ಆತರಿ," ಎಂದು ಅವನು ಗಾಲಿಯನ್ನು ನನ್ನ ಕೈಗೆ ಕೊಟ್ಟು, ಕಾಯುತ್ತಿದ್ದ ಟ್ರ್ಯಾಕ್ಟರಿನ ಕಡೆ ಹೋದ.

ನನಗೆ ಸಿಟ್ಟು ಬಂತು. ಎರಡು ತಿಂಗಳು ಓದಿದವಳು ನಾನು, ಇವನು ಸುತ್ತಿಗೆಯ ಹಿಡಿಯಿಂದ ತಟ್ಟಿ ತೀರ್ಪು ಕೊಡುತ್ತಾನೆ. ಅರ್ಧ ದಾರಿ ಬರುವವರೆಗೂ ನನಗೆ ಹೊಳೆಯಲಿಲ್ಲ: ಬಿರುಕು ಬಿಟ್ಟ ಹಲ್ಲನ್ನು ನಾನು ಹುಡುಕುವುದೂ ಬಾಯಿ ನೋಡುವ ಕನ್ನಡಿಯ ಹಿಡಿಯಿಂದ ತಟ್ಟಿಯೇ. ಹಾಗೆ ತಟ್ಟಿ, ಒಡೆದಿದೆ ಎಂದು ಹೇಳಿದಾಗ ಕುರ್ಚಿಯಲ್ಲಿದ್ದವರು, "ನೋವೇನಿಲ್ಲ ಬಿಡ್ರಿ, ಗೀರಿರಬೇಕು" ಎನ್ನುತ್ತಾರೆ. ಅವರನ್ನು ನಾನು ಎಷ್ಟು ತಾತ್ಸಾರದಿಂದ ನೋಡಿದ್ದೇನೆ ಎಂಬುದು ನೆನಪಾಗಿ ಕಾರಿನೊಳಗೆ ಒಬ್ಬಳೇ ನಾಚಿಕೊಂಡೆ. ಆದರೂ ಅವನ ಮಾತು ಸುಳ್ಳಾಗಲಿ ಎಂಬ ಆಸೆ ಹೋಗಲಿಲ್ಲ.

ಮೂರು ಗಾಲಿಗಳನ್ನೂ ಹೊಸ ಟೈರುಗಳನ್ನೂ ಅವನ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ನಾಲ್ಕನೆಯದನ್ನು ನೇರ ಕ್ಲಿನಿಕ್ಕಿಗೆ ತಂದು, ರೋಗಿಗಳ ಕುರ್ಚಿಯ ಮೇಲೆ ಮಲಗಿಸಿ, ದೀಪ ಹಚ್ಚಿದೆ. ಹಲ್ಲಿನ ಬಿರುಕಿಗೆ ಹಚ್ಚುವ ನೀಲಿ ಬಣ್ಣದ ದ್ರವವನ್ನು ಅವನು ತೋರಿಸಿದ ಜಾಗಕ್ಕೆ ಹನಿಸಿದೆ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ದ್ಯಾವಮ್ಮ ಒಳಗೆ ಬಂದಳು. ರಾಮಸಮುದ್ರದಿಂದ ಮಗಳ ಮನೆಗೆಂದು ಬಂದವಳು, ಹಲ್ಲಿನ ಸೆಟ್ಟಿನ ಅಳತೆ ಕೊಡಲು ಹೊರಗೆ ಕಾದು ಕೂತಿದ್ದಳು. ಕುರ್ಚಿಯನ್ನೂ ನನ್ನನ್ನೂ ನೋಡಿ, "ಇದು ನನಗಿಂತ ಮೊದಲ ಬಂದಿತ್ತೇನ್ರಿ?" ಎಂದು ಕೇಳಿದಳು. ಹೌದೆಂದೆ. ಅವಳು ಹೊರಗೆ ಹೋಗದೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತಳು. ಹತ್ತು ನಿಮಿಷ ಬಿಟ್ಟು ಬಣ್ಣ ಒರೆಸಿದೆ. ಕೂದಲೆಳೆಯಂಥ ನೀಲಿ ಗೆರೆಯೊಂದು ಉಳಿಯಿತು. ಗೀರಿನಲ್ಲೂ ಬಣ್ಣ ಉಳಿಯುತ್ತದಲ್ಲ ಎಂದು ನನಗೇ ಸಮಾಧಾನ ಹೇಳಿಕೊಂಡು ಗಾಲಿಯನ್ನು ಮಗುಚಿದೆ. ಆಚೆ ಬದಿಯಲ್ಲೂ ಅದೇ ಗೆರೆ, ತೆಳ್ಳಗೆ, ನೀಲಿಯಾಗಿ ಒಸರಿತ್ತು.

ದ್ಯಾವಮ್ಮ ಬಗ್ಗಿ ನೋಡಿದಳು. "ಕೀಳಬೇಕಲ್ಲರಿ," ಎಂದಳು.

ಆ ಸಂಜೆ ಬೀಜದಂಗಡಿಯ ವೀರಭದ್ರಪ್ಪನವರ ಫೋನು ಬಂತು. ಯಾದಗಿರಿಯವರು, ನನ್ನ ಹಳೆಯ ರೋಗಿ. ಎರಡು ದವಡೆ ಹಲ್ಲಿಗೆ ನಾನೇ ಟೋಪಿ ಹಾಕಿದ್ದೇನೆ. ತಮ್ಮ ಕಾರಿಗೆ ಏನಾದರೂ ಅಲಂಕಾರ ಮಾಡುತ್ತಲೇ ಇರುವ ಮನುಷ್ಯ. ಗಾಲಿ ಬಂದ ದಿನವೇ ನಾನು ಅವುಗಳ ಫೋಟೋ ತೆಗೆದು ಮೊಬೈಲಿನಲ್ಲಿ ಸ್ಟೇಟಸ್ ಹಾಕಿದ್ದೆ.

"ಡಾಕ್ಟರ್ರ, ಅವು ನಿಮಗ ಬ್ಯಾಡಾದಾಗ ನನಗ ಕೊಡ್ರಿ. ನನ್ನ ಗಾಡಿಗಿ ಬರೋಬರಿ ಕೂಡತಾವ. ನಾ ಏನ್ ರೇಸಿಗಿ ಹೋಗಾಂವೇನ್ರಿ? ಯಾದಗಿರಿ, ಶಹಾಪುರ, ಮತ್ತ ಯಾದಗಿರಿ."

"ಈಗ ಒಯ್ರಿ," ಎಂದುಬಿಟ್ಟೆ. "ನಾಕೂ ಕೊಡತೀನಿ."

ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಬಿರುಕಿನ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು, ನಾನು ಆಡಲಿಲ್ಲ. ಫೋನು ಇಟ್ಟ ಮೇಲೆ ನನ್ನ ಬುದ್ಧಿ ತಕ್ಷಣ ಕೆಲಸಕ್ಕೆ ಹತ್ತಿತು. ಅವರು ಮೆಲ್ಲಗೆ ಓಡಿಸುತ್ತಾರೆ. ಒಡೆದದ್ದು ಒಂದೇ. ಅವರು ಕೇಳಲಿಲ್ಲ, ಆದ್ದರಿಂದ ನಾನು ಸುಳ್ಳು ಹೇಳಿಲ್ಲ. ಅವರ ಕಾರಿನ ಹಿಂದಿನ ಸೀಟಿನಲ್ಲಿ ತಾಯಿ ಕೂತಿರುತ್ತಾರೆ, ಅವರಿಗೂ ನಾನೇ ಹಲ್ಲು ಕಟ್ಟಿಸಿದ್ದೇನೆ ಎಂಬುದು ಮಾತ್ರ ಈ ಲೆಕ್ಕದೊಳಗೆ ಎಲ್ಲೂ ಕೂರದೆ ಊಟದ ಹೊತ್ತಿನ ತನಕ ಓಡಾಡಿಕೊಂಡಿತ್ತು.

ಟ್ರ್ಯಾಕ್ ಡೇಗೆ ಇನ್ನು ನಾಲ್ಕು ದಿನ. ಅಳತೆ ಒಂದೇ ಇದ್ದುದರಿಂದ ಹೊಸ ಟೈರುಗಳನ್ನು ಕಾರಿನ ಹಳೆಯ ಗಾಲಿಗಳಿಗೇ ಹಾಕಿಸುವುದೆಂದು ಮರುದಿನ ಬೆಳಿಗ್ಗೆ ಬಸವರಾಜರನ್ನು ಕೂರಿಸಿಕೊಂಡು ಸುರಪುರಕ್ಕೆ ಹೋದೆ. ಒಡೆದ ಗಾಲಿಯೂ ಅವರ ತೊಡೆಯ ಮೇಲೆ ಬಂತು. ಮೌನೇಶಪ್ಪ ನೀಲಿ ಗೆರೆಯನ್ನು ನೋಡಿ ತಲೆಯಾಡಿಸಿದ, ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಕೆಲಸ ಮುಗಿಯುತ್ತ ಬಂದಾಗ ಕೇಳಿದ, "ಇವು ನಾಕು ಏನ್ ಮಾಡತೀರಿ?"

"ಯಾದಗಿರಿಯವರೊಬ್ಬರು ಒಯ್ತಾರ."

"ನಾಕೂ?"

"ನಾಕೂ."

"ಒಡದದ್ದು ಅವರಿಗಿ ಗೊತ್ತದೇನ್ರಿ?"

ನಾನು ಗಾಳಿಯ ಮೀಟರಿನ ಮುಳ್ಳನ್ನು ನೋಡುತ್ತ ನಿಂತೆ. ಬಸವರಾಜ ನನ್ನ ಮುಖ ನೋಡಿದರು. ಮೌನೇಶಪ್ಪ ಕೈಯನ್ನು ಹಳೆಯ ಬಟ್ಟೆಗೆ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತ. ಆ ದಿನ ಅವನು ಆಡಿದಷ್ಟು ಮಾತು ಒಂದು ವರ್ಷಕ್ಕೆ ಅವನಿಗೆ ಸಾಕಾಗುತ್ತಿತ್ತೇನೋ.

"ನಮ್ಮ ಊರ ಕಡೀ ಸಾಲಿ ಮಾಸ್ತರ ಒಬ್ಬರು ಬರತಿದ್ರು. ಒಂದಿನ ಬೈಕಿಗಿ ಗಾಳಿ ಹಾಕ್ಲಾಕ ಕೊಟ್ರು. ಹಿಂದಿನ ಟೈರಿನ ಬಾಜು ಉಬ್ಬಿತ್ತು, ನಾ ನೋಡೀನಿ. ಅಂಗಡ್ಯಾಗ ಗದ್ದಲ ಇತ್ತು. ಹೇಳಿದ್ರ ನಿಂದರತಾರ, ಟೈಮ್ ಹೋಗತದ ಅಂತ ಸುಮ್ಕ ಗಾಳಿ ಹಾಕಿ ಕಳಿಸಿದೆ. ತಿಂಥಣಿ ಮುಟ್ಟಲಿಲ್ಲರಿ ಅವರು. ಟೈರ್ ಒಡದು ಬಿದ್ರು, ಕಾಲು ಮುರೀತು. ಈಗೂ ಕುಂಟತಾರ. ಈಗೂ ಇಲ್ಲೇ ಬಂದು ಗಾಳಿ ಹಾಕಸ್ತಾರ. ನಾ ನೋಡಿದ್ದೆ ಅಂತ ಅವರಿಗಿ ಗೊತ್ತಿಲ್ಲ. ಚಂದ ಮಾತಾಡಸ್ತಾರ, ಮನಿ ಮಂದಿ ಹ್ಯಾಂಗದಾರ ಅಂತ ಕೇಳತಾರ." ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಬದಿಗಿಟ್ಟು, "ಗೊತ್ತಾಗಿ ಬೈದಿದ್ರ ಛಲೋ ಇತ್ತರಿ," ಎಂದ.

ಅಂಗಡಿಯ ಹೊರಗೆ ಬಂದು ವೀರಭದ್ರಪ್ಪನವರಿಗೆ ಫೋನು ಮಾಡಿದೆ. ಒಂದು ಗಾಲಿ ಒಡೆದಿದೆ, ನಿನ್ನೆಯೇ ನನಗೆ ಗೊತ್ತಿತ್ತು ಎಂದು ಹೇಳಿದೆ. ಆ ಎರಡನೆಯ ಮಾತನ್ನು ಬಿಟ್ಟು ಹೇಳಬಹುದಿತ್ತು. ಬಿಡಬೇಕೆಂದೇ ಹೊರಗೆ ಬಂದಿದ್ದೆ. ಅದು ಹೇಗೋ ಬಾಯಿಂದ ಬಂದಿತು.

"ಮತ್ತ ನಿನ್ನೆ ಯಾಕ ಹೇಳಲಿಲ್ಲ ಡಾಕ್ಟರ್ರ?"

"ತಪ್ಪಾತರಿ."

"ಇರಲಿ. ಮೂರು ಗಾಲಿ ಒಯ್ದು ನಾ ಏನ್ ಆಟೋ ಮಾಡ್ಲಿ," ಎಂದು ಫೋನು ಇಟ್ಟರು. ತಮಾಷೆಯಂತೆ ಕೇಳಿದರೂ ತಮಾಷೆಯಾಗಿರಲಿಲ್ಲ. ಆಮೇಲೆ ಅವರು ಹಲ್ಲು ತೋರಿಸಲು ನನ್ನ ಹತ್ತಿರ ಬಂದಿಲ್ಲ. ಯಾದಗಿರಿಯಲ್ಲೇ ಬೇರೆಯವರ ಹತ್ತಿರ ಹೋಗುತ್ತಾರಂತೆ. ನ್ಯಾಯವಾಗಿಯೇ ಇದೆ. ನಾನಾದರೂ ಹಾಗೆಯೇ ಮಾಡುತ್ತಿದ್ದೆ.

ಒಡೆದ ಗಾಲಿ ಇನ್ನಾರ ಕೈಗೂ ಸಿಗಬಾರದೆಂದು ಮೌನೇಶಪ್ಪ ಅದನ್ನು ಕತ್ತರಿಸುವ ಯಂತ್ರದ ಕೆಳಗಿಟ್ಟು, ಕನ್ನಡಕವನ್ನು ನನ್ನ ಕಡೆ ಚಾಚಿದ. ಕತ್ತರಿಸಿದ್ದು ನಾನೇ. ಕಿಡಿ ಹಾರುತ್ತದೆಂದುಕೊಂಡಿದ್ದೆ, ಈ ಲೋಹಕ್ಕೆ ಕಿಡಿ ಇಲ್ಲವಂತೆ, ಬರೀ ಕಿರುಚುತ್ತದೆ. ಹಲ್ಲು ಕೊರೆಯುವಾಗ ರೋಗಿಗಳು ಯಾಕೆ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂಬುದು ಇಪ್ಪತ್ತಮೂರು ವರ್ಷದ ಮೇಲೆ ನನಗೆ ಅಂದು ತಿಳಿಯಿತು. ಚಿನ್ನದ ಬಣ್ಣ ಎರಡು ತುಂಡಾಗಿ ಬಿತ್ತು. ಬಸವರಾಜ ಒಂದು ತುಂಡನ್ನು ಎತ್ತಿ, ಒಡೆದ ಅಂಚನ್ನು ಬೆರಳಿನಿಂದ ಮುಟ್ಟಿ ಕೆಳಗಿಟ್ಟರು. ವಾಪಸು ಬರುವಾಗ ತಾವಾಗಿಯೇ ನನಗೆ ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟರು.

ಭಾನುವಾರ ಹಳೆಯ ಬೂದು ಗಾಲಿಗಳ ಮೇಲೆ ಹೊಸ ಟೈರು ಹಾಕಿಕೊಂಡು ಟ್ರ್ಯಾಕಿಗೆ ಹೋದೆವು. ಹೇಗಾಯಿತು ಎಂದು ಎಲ್ಲರೂ ಕೇಳುತ್ತಾರೆ. ಚೆನ್ನಾಗಿಯೇ ಆಯಿತು. ನನ್ನನ್ನು ಹಿಂದೆ ಹಾಕದ ಕಾರು ಅಲ್ಲಿರಲಿಲ್ಲ. ಆದರೆ ಹುಲ್ಲಿಗೆ ಇಳಿಯಲಿಲ್ಲ. ಟೈರು ಬಿಸಿಯಾದ ಮೇಲೆ ಒಂದೆರಡು ತಿರುವಿನಲ್ಲಿ ಕಾರು ನೆಲವನ್ನು ಗಪ್ಪನೆ ಹಿಡಿದು, ನಾನು ನೋಡಿದ ಕಡೆಗೇ ಹೋಯಿತು. ಆ ಎರಡು ಕ್ಷಣ ನನಗೆ ವಯಸ್ಸೂ ಇರಲಿಲ್ಲ, ಕ್ಲಿನಿಕ್ಕೂ ಇರಲಿಲ್ಲ. ಉಳಿದ ತಿರುವುಗಳಲ್ಲಿ ಹಿಂದಿನಂತೆಯೇ ಮುಂದಕ್ಕೆ ಜಾರಿದೆ. ಇದಕ್ಕೆ ಏನು ಕಾರಣವಿರಬಹುದು ಎಂದು ಮತ್ತೆ ಓದಲು ಶುರುಮಾಡಿದೆ. ಬ್ರೇಕ್ ಪ್ಯಾಡು ಇರಬೇಕು ಅನ್ನಿಸಿತು.

ಮುಂದಿನ ವಾರ ಟೈರು ತೋರಿಸಲು ಸುರಪುರಕ್ಕೆ ಹೋದೆವು. ಮೌನೇಶಪ್ಪ ಮುಂದಿನ ಎರಡೂ ಟೈರುಗಳ ಮೇಲೆ ಅಂಗೈ ಆಡಿಸಿದ. ಹೊರ ಅಂಚು ತುರಿಮಣೆಗೆ ಉಜ್ಜಿದ ಹಾಗೆ ಸವೆದಿತ್ತು. ಹಿಂದಿನವು ಹೊಸದರಂತೆಯೇ ಇದ್ದವು.

"ಟೈರ್ ಛಲೋ ಅವರಿ," ಎಂದ. "ನೀವು ಜೋರಾಗಿ ತಿರುವಿಗಿ ನುಗ್ಗತೀರಿ. ಒಳಗ ಹೋದ ಮ್ಯಾಲ ಗಾಬರಿ ಆಗಿ ಸ್ಟಿಯರಿಂಗ್ ಪೂರಾ ಹೊಳ್ಳಸ್ತೀರಿ. ಮೊದಲ ಬ್ರೇಕ್ ಹಿಡೀರಿ. ಆಮ್ಯಾಲ ಹೊಳ್ಳಸ್ರಿ."

ನಾನು ಬಸವರಾಜರ ಕಡೆ ನೋಡದೆ, "ಬ್ರೇಕ್ ಪ್ಯಾಡ್ ಬದಲಿ ಮಾಡಿದ್ರ?" ಎಂದು ಕೇಳಿದೆ.

"ಪ್ಯಾಡಿಂದೇನೂ ತಪ್ಪಿಲ್ಲರಿ."

"ಇಪ್ಪತ್ತೆರಡು ವರ್ಷದಿಂದ ನಾನೂ ಇದ ಹೇಳಾಕತ್ತೀನಿ," ಎಂದರು ಬಸವರಾಜ. ಅವರು ಎಂದೂ ಏನನ್ನೂ ಹೇಳಿದವರಲ್ಲ. ಅಥವಾ ಹೇಳಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲವೋ ಏನೋ, ಅದನ್ನು ಈಗ ಯಾರನ್ನು ಕೇಳುವುದು?

ಶಹಾಪುರದ ದಾರಿ ಹಿಡಿದೆವು. ಎರಡೂ ಕಡೆ ಭತ್ತದ ಗದ್ದೆ, ಕಾಲುವೆಯ ನೀರು, ಮುಂದೆ ಒಂದು ಎಡತಿರುವು. ಹೇಳಿಸಿಕೊಂಡದ್ದು ಮರೆಯುವ ಮೊದಲು ಮಾಡಿ ನೋಡೋಣವೆಂದು ತಿರುವು ಇನ್ನೂ ದೂರವಿರುವಾಗಲೇ ಬ್ರೇಕ್ ಒತ್ತಿ, ವೇಗ ಇಳಿಸಿ, ಉಸಿರು ಬಿಟ್ಟು, ಮೆಲ್ಲಗೆ ಸ್ಟಿಯರಿಂಗ್ ತಿರುಗಿಸಿದೆ. ಕಾರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಳಸಿಕೊಂಡು ಬಂತು. ಮುಂದಿನ ತಿರುವಿನಲ್ಲೂ ಹಾಗೆಯೇ ಮಾಡಿದೆ. ಹಿಂದೆ ಬರುತ್ತಿದ್ದ ಒಂದು ಟಂಟಂ ಆಟೋ ತಾಳ್ಮೆಗೆಟ್ಟು ಹಾರ್ನ್ ಹೊಡೆಯುತ್ತ ನಮ್ಮ ಪಕ್ಕಕ್ಕೆ ಬಂದಿತು. ಒಳಗೆ ಹತ್ತಾರು ಮಂದಿ, ಮೇಲೆ ಮೇವಿನ ಹೊರೆ. ಚಾಲಕ ಕೆಳಗೆ ಬಗ್ಗಿ ನನ್ನ ಕೆಂಪು ಸ್ಪೋರ್ಟ್ಸ್ ಕಾರನ್ನೂ ನನ್ನನ್ನೂ ನೋಡಿ, ಸಹಾನುಭೂತಿಯಿಂದಲೇ ಕೇಳಿದ:

"ಅಕ್ಕಾರ, ಗಾಡಿ ಕಲಿಯಾಕತ್ತೀರೇನ್ರಿ?"

"ಹೌದರಿ," ಎಂದೆ. ದಾರಿ ಬಿಟ್ಟುಕೊಟ್ಟೆ.