ಶರಣಪ್ಪನ ಬೀಳ್ಕೊಡುಗೆಗೆ ಪ್ಯಾರಿಸ್ಸಿನ ರಿಕಾರ್ಡು

ಆಗಸ್ಟ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಶಹಾಪುರದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ಅಂದರೆ ಹೈಸ್ಕೂಲಿನ ನಿವೃತ್ತ ಡ್ರಿಲ್ ಮಾಸ್ತರ, ನನ್ನ ಶ್ರೀಮತಿ ಗೌರಮ್ಮ, ಯಾದಗಿರಿಯಿಂದ ಮೊದಲ ಬಸ್ಸಿಗೇ ಬಂದಿಳಿದ, ರೈಲ್ವೆ ಗಾರ್ಡ್ ಆಗಿದ್ದ ಖಾಜಾಸಾಬರು, ಮತ್ತು ಮೇಜಿನ ಮೇಲೆ, ಪ್ಯಾರಿಸ್ಸಿನಿಂದ ಬಂದ ಒಂದು ಪಾರ್ಸೆಲ್!

ಫ್ರಾನ್ಸ್ ದೇಶದ ಹಳೆಯ ಟಿವಿ ಧಾರಾವಾಹಿಗಳ ಸಂಗೀತವನ್ನು ಸಂಗ್ರಹಿಸುವವರು ಜಗತ್ತಿನಲ್ಲಿ ಎಷ್ಟು ಜನರಿದ್ದಾರೋ ತಿಳಿಯದು. ಯಾದಗಿರಿ ಜಿಲ್ಲೆಯಲ್ಲಿ ಇಬ್ಬರಿದ್ದೇವೆ: ನಾನು ಮತ್ತು ಖಾಜಾಸಾಬರು. ತರುಣರಾಗಿದ್ದಾಗ ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಲ್ಲಿ, ಮೈಮೇಲೆ ಕವರ್ ಕೂಡ ಇಲ್ಲದ ಒಂದು ಕಟ್ಟು ರಿಕಾರ್ಡು ಕೊಂಡು ತಂದದ್ದೇ ಈ ರೋಗಕ್ಕೆ ಮೂಲ. ಅದರಲ್ಲೊಂದು ರಿಕಾರ್ಡು ನನ್ನ ಜೀವ. ನಿಧಾನವಾದ, ಗಂಭೀರವಾದ, ಕರುಳು ಹಿಂಡುವ ರಾಗ. ಸಮುದ್ರಕ್ಕೆ ಹೋದ ಗಂಡನಿಗಾಗಿ ದಂಡೆಯಲ್ಲಿ ಕಾಯುವ ಹೆಂಗಸಿನ ಧಾರಾವಾಹಿ ಅದು ಎಂದು ಊರಿಗೆಲ್ಲ ಹೇಳಿದ್ದೆ. ನನಗೆ ಹಾಗೆಂದು ಯಾರೂ ಹೇಳಿರಲಿಲ್ಲ. ಕೇಳಿದರೆ ಹಾಗನ್ನಿಸುತ್ತಿತ್ತು!

ಕ್ರಮೇಣ ಶಹಾಪುರದಲ್ಲಿ ಯಾರೇ ನಿವೃತ್ತರಾದರೂ ಕಾಲುವೆ ಕಚೇರಿಯ ಹಾಲಿನಲ್ಲಿ ನನ್ನ ರಿಕಾರ್ಡು ಹಾಕುವುದು ಪದ್ಧತಿಯಾಯಿತು. ರಾಗ ಶುರುವಾದೊಡನೆ ಸಾಲಿಗೆ ಸಾಲೇ ಕಣ್ಣೊರೆಸುತ್ತಿತ್ತು. ಇಡೀ ನೌಕರಿಯಲ್ಲಿ ಒಬ್ಬರಿಗೂ ಒಂದು ಕಪ್ ಚಹಾ ಕುಡಿಸದ ಗುಮಾಸ್ತನಿಗಾಗಿಯೂ ಜನ ಅತ್ತಿದ್ದಾರೆ.

ಹೋದ ವರ್ಷ ಆ ರಿಕಾರ್ಡು ಸೀಳಿಹೋಯಿತು. ಅಷ್ಟರಲ್ಲೇ ಸುದ್ದಿ ಬಂತು: ಪ್ಯಾರಿಸ್ಸಿನ ಒಂದು ಕಂಪನಿ ಅದೇ ನಂಬರಿನ ರಿಕಾರ್ಡನ್ನು ಹೊಸದಾಗಿ ಹೊರತರುತ್ತದೆ! ಯುಗಾದಿಗೆ ಎಂದರು, ಬರಲಿಲ್ಲ. ಮುಂಗಾರಿಗೆ ಎಂದರು. ದಿನಾ ಬೆಳಿಗ್ಗೆ ಖಾಜಾಸಾಬರ ಫೋನು.

"ಮಾಸ್ತರ್ರ, ಬಂತೇನ್ರಿ?"

"ಇಲ್ರಿ. ನಿಮಗೇನರ ಖಬರ್?"

"ಪ್ಯಾರಿಸ್ ಬಿಟ್ಟಾದಂತ! ತಯಾರ್ ಇರ್ರಿ!"

ನಮಗಿಂತ ಹೆಚ್ಚು ಚಡಪಡಿಸಿದವನು ಪಕ್ಕದ ಮನೆಯ ಶರಣಪ್ಪ. ಅವನದು ಕಾಲುವೆಯ ತೂಬು ತೆರೆದು ಮುಚ್ಚುವ ನೌಕರಿ. ತೆರೆದರೆ ಕೆಳಗಿನ ಹೊಲದವರ ಬೈಗುಳ, ಮುಚ್ಚಿದರೆ ಮೇಲಿನ ಹೊಲದವರ ಬೈಗುಳ. ಅವನ ಬೀಳ್ಕೊಡುಗೆ ಇದೇ ಭಾನುವಾರ.

"ಸರ, ನನ್ನ ಸಲುವಾಗಿ ಯಾರೂ ಅಳಂಗಿಲ್ಲ. ನನಗ ಗೊತ್ತದ," ಎಂದಿದ್ದ. "ಊಟ ಮಾಡತಾರ, ಎದ್ದು ಹೋಗತಾರ. ನಿಮ್ಮ ರಿಕಾರ್ಡ್ ಒಂದೇ ಆಧಾರ."

"ಚಿಂತಿ ಬಿಡು ಶರಣಪ್ಪ. ಮಂದಿ ಟವೆಲ್ ಹಿಂಡಬೇಕು, ಹಂಗ ಅಳಸ್ತೀನಿ!"

ಸರಿ, ಪಾರ್ಸೆಲ್ ಬಿಚ್ಚಿದೆವು. ಕವರಿನ ಮೇಲೆ ಗುಂಡನೆಯ ಅಡಿಗೆಯವನೊಬ್ಬ ಸೌಟು ಹಿಡಿದು ಓಡುತ್ತಿದ್ದಾನೆ. ಹಿಂದೆ ಒಂದು ಬಾತುಕೋಳಿ ಅವನನ್ನು ಅಟ್ಟಿಸಿಕೊಂಡು ಬರುತ್ತಿದೆ. ಸಮುದ್ರವಿಲ್ಲ. ಹೆಂಗಸಿಲ್ಲ.

ಖಾಜಾಸಾಬರು ಮೊಬೈಲನ್ನು ಫ್ರೆಂಚ್ ಅಕ್ಷರಗಳ ಮೇಲೆ ಹಿಡಿದು, ಅದು ಮಾಡಿಕೊಟ್ಟ ಅನುವಾದ ಓದಿದರು. "ಮಾಸ್ತರ್ರ, ಸಣ್ಣ ಮಕ್ಕಳ ಸೀರಿಯಲ್ ಅಂತ ಬರದಾರಲ್ರಿ."

"ಕವರ್ ಅದಲಾ ಬದಲಾ ಆಗ್ಯಾದ! ಒಳಗಿನ ರಿಕಾರ್ಡಿನ ನಂಬರ್ ನೋಡ್ರಿ, ಹಳೇದರ ನಂಬರೇ ಅದ!"

"ಹಂಗಿದ್ರ ಒಮ್ಮಿ ಹಚ್ಚಿ ನೋಡ್ರಲ್ಲ," ಎಂದಳು ಗೌರಮ್ಮ.

"ಹೊಸ ರಿಕಾರ್ಡಿನ ಮೊದಲನೇ ಸೂಜಿ ಸಭಾದಾಗೇ ಬೀಳಬೇಕು. ಪದ್ಧತಿ ಅಂದ್ರ ಪದ್ಧತಿ!"

ಆಹಾ, ಪದ್ಧತಿ!

ಹನ್ನೊಂದು ಗಂಟೆಗೆ ಸಭೆ. ಈ ಸಲ ಕಾಲುವೆ ಕಚೇರಿಯ ಹಾಲಿನಲ್ಲಲ್ಲ, ಊರಿನ ಹೊಸ ಕಲ್ಯಾಣ ಮಂಟಪದಲ್ಲಿ. ಹೊಸ ಜನರೇಟರು, ಹೊಸ ಮೈಕು, ಒಳಗಿಂದ ಹುಗ್ಗಿಯ ಪರಿಮಳ. ವೇದಿಕೆಯ ಕೆಳಗೆ ನನ್ನ ರಿಕಾರ್ಡ್ ಪ್ಲೇಯರ್ ಇಟ್ಟು, ಮುಂದೆ ಮೈಕು ನಿಲ್ಲಿಸಿ, ಎದೆಯುಬ್ಬಿಸಿ ಸೂಜಿ ಇಳಿಸಿದೆ.

ಪೀಂ ಪೀಂ ಪೀಂ ಎಂದು ಪೀಪಿ ಕಿರುಚಿತು! ಹಿಂದೆಯೇ ಡಬ್ಬಿ ಬಡಿದಂತೆ ತಾಳ, ಕುದುರೆಯ ನಾಗಾಲೋಟ! ಅದೇ ರಾಗ, ಅನುಮಾನವೇ ಇಲ್ಲ. ಆದರೆ ದಂಡೆಯಲ್ಲಿ ಕಾಯುತ್ತಿದ್ದ ನನ್ನ ಹೆಂಗಸು ಸೀರೆ ಎತ್ತಿಕಟ್ಟಿ ಓಡತೊಡಗಿದ್ದಳು!

ಖಾಜಾಸಾಬರು ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: "ನಿಮ್ಮ ಮನ್ಯಾಗ, ಕಾಲುವಿ ಆಫೀಸಿನ್ಯಾಗ, ಎಲ್ಲಾ ಕಡಿ ಹೊಲದ ಪಂಪ್‌ಸೆಟ್ ಕರೆಂಟ್ ನುಂಗತಾವ. ಅದಕ್ಕ ನಿಮ್ಮ ಮಶೀನ್ ಇಷ್ಟ್ ವರ್ಷ ತೆವಳತಿತ್ತು. ಇಲ್ಲಿ ಜನರೇಟರ್ ಅದ, ಫುಲ್ ಸ್ಪೀಡ್. ರಿಕಾರ್ಡ್ ಅಳತಿರಲಿಲ್ಲ ಮಾಸ್ತರ್ರ, ವೋಲ್ಟೇಜ್ ಅಳತಿತ್ತು!"

ವೇದಿಕೆಯ ಮೇಲೆ ಶರಣಪ್ಪನ ಮುಖ ಬಾಡಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತಡಮಾಡಲಿಲ್ಲ. ತಿರುಗುವ ರಿಕಾರ್ಡಿನ ಅಂಚಿಗೆ ಬೆರಳೊತ್ತಿ ಹಿಡಿದೆ. ವೇಗ ಇಳಿಯಿತು. ರಾಗ ಸ್ವಲ್ಪ ಓಲಾಡಿತು, ಆಮೇಲೆ ಗಂಭೀರವಾಯಿತು. ಮೂಲೆಯಲ್ಲಿದ್ದ ಒಬ್ಬ ಮುದುಕಿ ಸೆರಗನ್ನು ಕಣ್ಣಿಗೆ ಒಯ್ದಳು. ಶರಣಪ್ಪ ಕುತ್ತಿಗೆ ಚಾಚಿ ಆಕೆಯನ್ನೇ ನೋಡುತ್ತಿದ್ದ. ಗೆದ್ದೆ!

ಆಗಲೇ ವೇದಿಕೆಯ ಮೈಕಿನಲ್ಲಿ ನಿರೂಪಕನ ಕೂಗು: "ಹಿರಿಯರಾದ ಡ್ರಿಲ್ ಮಾಸ್ತರರು ವೇದಿಕೆಗೆ ಬಂದು ಶರಣಪ್ಪನವರಿಗೆ ಮಾಲಾರ್ಪಣೆ ಮಾಡಬೇಕು."

ನಾನು ಬರಲಾರೆನೆಂದು ತಲೆಯಾಡಿಸಿದೆ.

"ಸರ್ ಸಂಕೋಚ ಪಡತಾರ. ಜೋರಾಗಿ ಚಪ್ಪಾಳಿ ತಟ್ರಿ!"

"ಖಾಜಾಸಾಬ್ರ, ಒಂದಿಷ್ಟು ಬೆರಳು ಇಡ್ರಿ," ಎಂದು ಬೇಡಿದೆ.

"ನನ್ನ ಬೆರಳಿನ್ಯಾಗ ನಿಮ್ಮಷ್ಟು ದುಃಖ ಇಲ್ರಿ!"

ಸೂಜಿಯನ್ನೇ ಎತ್ತಿ ಇಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಊಟಕ್ಕೆ ಕೂತಾಗ ಅದು ನನಗೂ ಹೊಳೆಯಿತು.

ಕೈಗೆ ಮಾಲೆ ಬಂತು. ಬೆರಳು ಬಿಟ್ಟೆ. ಪೀಂ ಪೀಂ ಪೀಂ! ಒಂದು ಜನ್ಮ ಪೂರ್ತಿ ತಾಳಕ್ಕೆ ಹೆಜ್ಜೆ ಹಾಕಿಸಿದ ಮನುಷ್ಯ ನಾನು. ತಾಳ ಕಿವಿಗೆ ಬಿದ್ದರೆ ಕಾಲುಗಳು ನನ್ನ ಅಪ್ಪಣೆ ಕೇಳುವುದಿಲ್ಲ. ಮಾಲೆಯನ್ನು ಮುಂದೆ ಚಾಚಿ, ಮೊಣಕಾಲು ಎದೆಯ ಮಟ್ಟಕ್ಕೆ ಎತ್ತೆತ್ತಿ ಓಡಿದೆ! ಮೆಟ್ಟಿಲು ಹತ್ತಿದ್ದು ಗೊತ್ತಾಗಲಿಲ್ಲ. ಶರಣಪ್ಪನನ್ನು ದಾಟಿ ಹೋದದ್ದೂ ಗೊತ್ತಾಗಲಿಲ್ಲ. ವೇದಿಕೆಯ ತುದಿ ಕಂಡಾಗ 'ಪೀಛೇ ಮುಡ್' ಹೊಡೆದು ಹಿಂದಿರುಗಿದೆ. ಪೀಪಿ ಒಂದು ಕೊನೆಯ ಕೂಗು ಕೂಗಿತು. ನಾನು ಮಾಲೆ ಹಾಕಿ, ಸೆಲ್ಯೂಟ್ ಹೊಡೆದೆ.

ಮಾಲೆ ಬಿದ್ದದ್ದು ಅಧ್ಯಕ್ಷತೆ ವಹಿಸಿದ್ದ ಇಂಜಿನಿಯರ್ ಸಾಹೇಬರ ಕೊರಳಿಗೆ!

ಮಂಟಪ ಹಾರಿಹೋಗುವಂಥ ನಗು. ಕಣ್ಣಿಗೆ ಸೆರಗು ಒಯ್ದಿದ್ದ ಮುದುಕಿ ಅದೇ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಕಾಯಂ ಬೈಯುತ್ತಿದ್ದ ಮೇಲಿನ ಹೊಲದವರೂ ಕೆಳಗಿನ ಹೊಲದವರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಗುತ್ತಿದ್ದರು.

ಸಂಜೆ ಶರಣಪ್ಪ ಮನೆಗೆ ಬಂದ. ನಾನು ತಲೆ ತಗ್ಗಿಸಿದೆ.

"ಯಾರೂ ಅಳಲಿಲ್ಲ ಸರ."

"ತಪ್ಪಾತಪಾ."

"ಆದ್ರ ನನ್ನ ಭಾಷಣ ಮುಗಿಯೋತನ ಒಬ್ಬರೂ ಏಳಲಿಲ್ಲ! ಊಟಕ್ಕ ಕರದ್ರೂ ಏಳಲಿಲ್ಲ! ನಾ ಎಲ್ಲಾ ಮಾತಾಡಿದೆ ಸರ, ಎಲ್ಲಾ ಕೇಳಿದ್ರು." ಅವನ ಕಣ್ಣು ತೇವವಾಗಿತ್ತು.

ನನ್ನ ಎದೆ ಮತ್ತೆ ಉಬ್ಬಿತು. "ಅದು ಸಂಗೀತದ ಶಕ್ತಿ, ಶರಣಪ್ಪ."

"ಅಲ್ರಿ ಸರ. ಮಾಸ್ತರು ಇನ್ನೊಮ್ಮಿ ಸ್ಟೇಜ್ ಹತ್ತತಾರೇನಂತ ಕಾಯ್ಕೊಂಡು ಕುಂತಿದ್ರಂತ!"

ಅವನು ಹೋದ ಮೇಲೆ ಖಾಜಾಸಾಬರ ಫೋನು. "ಮಾಸ್ತರ್ರ! ಎರಡನೇ ಭಾಗ ದೀಪಾವಳಿಗಂತ!"

"ಬುಕ್ ಮಾಡ್ರಿ!" ಎಂದು ಎದ್ದು ನಿಂತೆ, ನಿಲ್ಲಲಾಗದೆ ಮತ್ತೆ ಕೂತೆ.

ಎಂಟು ಗಂಟೆಗೆ ಗೌರಮ್ಮ ನನ್ನ ಮೊಣಕಾಲುಗಳಿಗೆ ಎಣ್ಣೆ ತಿಕ್ಕಿದಳು. ಆ ದಿನದ ಕೊನೆಯ ಕೆಲಸ ಅದು. ನಡುನಡುವೆ ನಗು ತಡೆಯಲಾಗದೆ ಅಡುಗೆಮನೆಗೆ ಓಡುತ್ತಿದ್ದುದರಿಂದ, ಅದನ್ನೂ ಆಕೆ ಕಂತುಕಂತಾಗಿ ಮುಗಿಸಿದಳು.